ಮೂಡಣ ಬಾಗಿಲಿನ ಗ್ರಾಮಸಭೆ: ವ್ಯವಸ್ಥೆ, ಸಂಸ್ಕೃತಿ ಮತ್ತು ಜನಭಾಗಿತ್ವ ಸರ್ಕಾರವನ್ನು ರೂಪಿಸುವ ಬಗೆ

ಕರ್ನಾಟಕದಲ್ಲಿ ಚುನಾವಣೆ ಸಮೀಪಿಸಿದಾಗ ರಾಜಕೀಯ ಪಕ್ಷಗಳ ಪ್ರಚಾರ ವಾಹನಗಳು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನತ್ತ ಮುಖ ಮಾಡುವುದು ವಾಡಿಕೆ. ಕುರುಡುಮಲೆಯ ಗಣಪತಿಗೆ ಪೂಜೆ ಸಲ್ಲಿಸಿ ಹೊರಟರೆ ಅಧಿಕಾರ ಕೈಗೂಡುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ ಹೊರಟದ್ದು ಇಲ್ಲಿಂದ. 2022ರ ನವೆಂಬರ್‌ನಲ್ಲಿ ಜಾತ್ಯತೀತ ಜನತಾದಳದ ಪಂಚರತ್ನ ರಥಯಾತ್ರೆಯೂ, 2023ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ನೇತೃತ್ವದ ಕಾಂಗ್ರೆಸ್ ಯಾತ್ರೆಯೂ ಇದೇ ಸನ್ನಿಧಿಯಿಂದ ಆರಂಭವಾದವು. ಎರಡು ಪಕ್ಷಗಳು ಒಂದೇ ದೇವರಿಗೆ ಹರಕೆ ಹೊತ್ತರೆ ದೇವರಾದರೂ ಏನು ಮಾಡಿಯಾನು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಇದೇ ತಾಲ್ಲೂಕಿನ ಐದು ಹೋಬಳಿ ಕೇಂದ್ರಗಳಲ್ಲಿ ತಾಯಲೂರು ಒಂದು. ಯಾತ್ರೆಗಳು ಹೊರಟುಹೋದ ಮೇಲೂ ಇಲ್ಲಿನ ಜನರ ಪಾಲಿಗೆ ಸರ್ಕಾರ ಎಂಬುದು ಇದ್ದೇ ಇರುತ್ತದೆ. ಪಹಣಿ ಕೊಡುವ ನಾಡಕಚೇರಿ, ಕುಡಿಯುವ ನೀರು ಬಿಡುವ ಗ್ರಾಮ ಪಂಚಾಯಿತಿ, ಪಡಿತರ ಅಂಗಡಿ, ಹಾಲಿನ ಡೇರಿ, ಕೆರೆಯ ತೂಬು ಇವೆಲ್ಲ ಆ ಸರ್ಕಾರದ ಮುಖಗಳು. ವಿಧಾನಸೌಧದಲ್ಲಿ ಬರೆದ ಒಂದೇ ಕಾಯ್ದೆ ಒಂದು ಊರಿನಲ್ಲಿ ಜೀವಂತವಾಗಿ, ಪಕ್ಕದ ಊರಿನಲ್ಲಿ ಕೇವಲ ಕಾಗದವಾಗಿ ಉಳಿಯುವುದೇಕೆ? ರಾಜ್ಯಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದಾದ ಇದಕ್ಕೆ ಉತ್ತರ ಹುಡುಕಲು ರಾಜಧಾನಿಗಿಂತ ಇಂಥ ಹೋಬಳಿಯೇ ಹೆಚ್ಚು ಸೂಕ್ತವಾದ ಸ್ಥಳ.

ಮೂರು ಪದಗಳ ಅರ್ಥ

ಸರ್ಕಾರದ ಸ್ವರೂಪವನ್ನು ನಿರ್ಧರಿಸುವ ಅಂಶಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಮೂರು ಹೆಸರುಗಳಲ್ಲಿ ಗುರುತಿಸುತ್ತಾರೆ. ಸಂವಿಧಾನ, ಕಾಯ್ದೆ, ಚುನಾವಣೆ, ಕಚೇರಿ, ಅಧಿಕಾರ ಹಂಚಿಕೆ ಇವು ಸೇರಿ ರಾಜಕೀಯ ವ್ಯವಸ್ಥೆಯಾಗುತ್ತದೆ. ಅಧಿಕಾರದ ಬಗ್ಗೆ ಜನರಲ್ಲಿ ಬೇರೂರಿರುವ ನಂಬಿಕೆ, ಭಯ, ನಿರೀಕ್ಷೆ ಮತ್ತು ನಡವಳಿಕೆಗಳ ಮೊತ್ತವೇ ರಾಜಕೀಯ ಸಂಸ್ಕೃತಿ. ಮತದಾನ, ಸಭೆ, ಅರ್ಜಿ, ಮುಷ್ಕರ, ದಾವೆ ಮುಂತಾದ ಮಾರ್ಗಗಳಿಂದ ಜನರು ಆಡಳಿತದಲ್ಲಿ ಕೈಹಾಕುವ ಕ್ರಿಯೆಗೆ ಭಾಗವಹಿಸುವಿಕೆ ಎನ್ನುತ್ತಾರೆ.

ಅಮೆರಿಕದ ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬಾ ಅವರು ಐದು ದೇಶಗಳ ಪ್ರಜೆಗಳನ್ನು ಸಂದರ್ಶಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಸರಾಗಿದೆ. ಅವರು ರಾಜಕೀಯ ಸಂಸ್ಕೃತಿಯನ್ನು ಮೂರಾಗಿ ವಿಂಗಡಿಸಿದರು. ಸರ್ಕಾರವೆಂಬುದೊಂದಿದೆ ಎಂಬ ಅರಿವೇ ಇಲ್ಲದ ಸ್ಥಿತಿ ಮೊದಲನೆಯದು. ಸರ್ಕಾರದಿಂದ ಪಡೆಯುವುದಷ್ಟೇ ಗೊತ್ತಿದ್ದು ಅದನ್ನು ಪ್ರಶ್ನಿಸಲು ಹಿಂಜರಿಯುವ ಸ್ಥಿತಿ ಎರಡನೆಯದು. ತಾನೂ ಸರ್ಕಾರದ ಪಾಲುದಾರನೆಂದು ಬಗೆಯುವ ಸ್ಥಿತಿ ಮೂರನೆಯದು. ಈ ವಿಂಗಡಣೆ ಉಪಯುಕ್ತವೇ ಹೌದು. ಆದರೆ ಸಂಸ್ಕೃತಿಯಿಂದ ಸಂಸ್ಥೆ ಹುಟ್ಟುತ್ತದೆಯೋ, ಸಂಸ್ಥೆಯಿಂದ ಸಂಸ್ಕೃತಿ ಬದಲಾಗುತ್ತದೆಯೋ ಎಂಬ ವಾದ ಅಂದಿನಿಂದಲೂ ಮುಗಿದಿಲ್ಲ. ಹಳ್ಳಿಗರು ಪ್ರಶ್ನಿಸುವುದಿಲ್ಲ ಎಂದು ದೂರುವ ಮುನ್ನ, ಪ್ರಶ್ನಿಸಿದಾಗ ಅವರಿಗೆ ಉತ್ತರ ಸಿಕ್ಕಿತ್ತೇ ಎಂದು ಕೇಳಬೇಕಾಗುತ್ತದೆ.

ಈ ವಿಷಯದಲ್ಲಿ ಮುಳಬಾಗಿಲಿಗೆ ತನ್ನದೇ ಆದ ಹಕ್ಕುಸ್ವಾಮ್ಯವೊಂದಿದೆ. ಕನ್ನಡದಲ್ಲಿ ರಾಜ್ಯಶಾಸ್ತ್ರವನ್ನು ವ್ಯವಸ್ಥಿತವಾಗಿ ಬರೆದವರಲ್ಲಿ ಅಗ್ರಗಣ್ಯರಾದ ಡಿ.ವಿ. ಗುಂಡಪ್ಪ ಹುಟ್ಟಿದ್ದು 1887ರಲ್ಲಿ, ಇದೇ ಊರಿನಲ್ಲಿ. ಕವಿಯಾಗಿ ಮನೆಮನೆಗೆ ಪರಿಚಿತರಾದ ಡಿ.ವಿ.ಜಿ. ಪತ್ರಕರ್ತರಾಗಿ ಬದುಕು ಕಟ್ಟಿಕೊಂಡವರು. ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದವರು. ಪ್ರಜೆಗಳಿಗೆ ರಾಜಕೀಯ ತಿಳಿವಳಿಕೆ ಇಲ್ಲದಿದ್ದರೆ ಪ್ರಜಾಪ್ರಭುತ್ವದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೆಲಸ ಮಾಡದು ಎಂಬ ನಿಲುವಿನಿಂದಲೇ ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು.

ದಸರೆಯ ಅರ್ಜಿಯಿಂದ ಜವಾಬ್ದಾರಿ ಸರ್ಕಾರದವರೆಗೆ

ತಾಯಲೂರು ಸೇರಿದಂತೆ ಕೋಲಾರ ಸೀಮೆ ಹಳೆಯ ಮೈಸೂರು ಸಂಸ್ಥಾನದ ಪೂರ್ವದ ಅಂಚು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತೆಂಬುದು ಪ್ರತೀತಿ. ಈ ಸಂಸ್ಥಾನದಲ್ಲಿ ಪ್ರಾತಿನಿಧ್ಯದ ಪ್ರಯೋಗ ಬೇಗನೆ ಆರಂಭವಾಯಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆ 144 ಸದಸ್ಯರೊಂದಿಗೆ ಮೊದಲ ಬಾರಿಗೆ ಸೇರಿತು. ತಾಲ್ಲೂಕುಗಳಿಂದ ಬಂದ ರೈತರು ಮತ್ತು ವರ್ತಕರು ದಸರೆಯ ಸಂದರ್ಭದಲ್ಲಿ ದಿವಾನರ ಭಾಷಣ ಕೇಳಿ, ತಮ್ಮ ಸೀಮೆಯ ಅಹವಾಲು ಸಲ್ಲಿಸಿ ಹಿಂದಿರುಗುತ್ತಿದ್ದರು. ಸಭೆಗೆ ಹೇಳುವ ಅಧಿಕಾರವಿತ್ತು, ಹೇಳಿದ್ದನ್ನು ಮಾಡಿಸುವ ಅಧಿಕಾರವಿರಲಿಲ್ಲ. ಸದಸ್ಯರೂ ಹೆಚ್ಚು ಕಂದಾಯ ಕಟ್ಟುವ ಅಥವಾ ಊರಿನಲ್ಲಿ ಪ್ರತಿಷ್ಠೆಯುಳ್ಳ ಕುಳಗಳೇ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು; 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನಮಾನ ದೊರೆಯಿತು.

ಈ ಇತಿಹಾಸವನ್ನು ಮಾದರಿ ಸಂಸ್ಥಾನದ ಹೆಮ್ಮೆಯಾಗಿ ಹೇಳುವುದು ರೂಢಿ. ಆ ಹೆಮ್ಮೆಗೆ ಆಧಾರವಿಲ್ಲದಿಲ್ಲ. ಆದರೆ ಅದರ ಜತೆಗೆ ಮತ್ತೊಂದು ಪರಿಣಾಮವನ್ನೂ ನೋಡಬೇಕು. ಸರ್ಕಾರವೆಂದರೆ ದಯೆಯಿಂದ ಅಹವಾಲು ಕೇಳುವ ಹಿರಿಯ, ಪ್ರಜೆಯೆಂದರೆ ವಿನಯದಿಂದ ಅರ್ಜಿ ಹಿಡಿದು ನಿಂತವನು ಎಂಬ ಚಿತ್ರ ಅಂದೇ ಗಟ್ಟಿಯಾಯಿತು. ಜನಸಂಪರ್ಕ ಸಭೆಯಲ್ಲಿ ಸಚಿವರ ಮುಂದೆ ಅರ್ಜಿ ಹಿಡಿದು ಸಾಲುಗಟ್ಟುವ ದೃಶ್ಯದಲ್ಲಿ ಆ ದಸರೆಯ ನೆರಳು ಇನ್ನೂ ಅಡಗಿದೆ.

ಅರ್ಜಿಯ ರಾಜಕಾರಣವನ್ನು ಹಕ್ಕಿನ ರಾಜಕಾರಣವಾಗಿ ಮಾರ್ಪಡಿಸಿದ್ದರಲ್ಲಿ ಕೋಲಾರ ಜಿಲ್ಲೆಯ ಪಾತ್ರ ಸಣ್ಣದಲ್ಲ. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಸರ್ಕಾರಿ ಉದ್ಯೋಗದಲ್ಲಿ ಬ್ರಾಹ್ಮಣೇತರರ ಪಾಲು ಕೇಳಿತು. 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಆದ್ಯತೆ ನೀಡಬೇಕೆಂದು ಶಿಫಾರಸು ಮಾಡಿತು. ಕಚೇರಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದರಿಂದ ಕಚೇರಿಯ ನಡತೆಯೂ ಬದಲಾಗುತ್ತದೆ ಎಂಬ ವಾದಕ್ಕೆ ಅಲ್ಲಿಂದ ಅಧಿಕೃತ ಮಾನ್ಯತೆ ಬಂತು. ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯರೆಡ್ಡಿ ಪ್ರಜಾಪಕ್ಷದ ಮೂಲಕ ರಾಜಕೀಯಕ್ಕೆ ಬಂದು, ಬಳಿಕ ಕಾಂಗ್ರೆಸ್ಸಿನ ಮುಂದಾಳಾದರು. 1938ರ ಏಪ್ರಿಲ್ 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಿಷೇಧಾಜ್ಞೆ ಮೀರಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಬಲಿಯಾದರು. 1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಚಳವಳಿಯ ನಂತರ ಅಕ್ಟೋಬರ್‌ನಲ್ಲಿ ಜವಾಬ್ದಾರಿ ಸರ್ಕಾರ ರಚನೆಯಾದಾಗ ಅದರ ಮುಖ್ಯಸ್ಥರಾದವರು ಇದೇ ಚೆಂಗಲರಾಯರೆಡ್ಡಿ. ರಾಜ್ಯದ ಪ್ರಥಮ ಮುಖ್ಯಮಂತ್ರಿಯನ್ನು ಕೊಟ್ಟ ಜಿಲ್ಲೆ ಎಂಬ ಹೆಸರು ಕೋಲಾರಕ್ಕೆ ಬಂದದ್ದು ಹೀಗೆ.

ಪಟೇಲರ ಜಗುಲಿಯಿಂದ ಪಂಚಾಯಿತಿ ಕಟ್ಟಡಕ್ಕೆ

ರಾಜಧಾನಿಯಲ್ಲಿ ಇಷ್ಟೆಲ್ಲ ನಡೆದರೂ ಹಳ್ಳಿಯ ಆಡಳಿತ ಬಹುಕಾಲ ವಂಶಪಾರಂಪರ್ಯದ ಕೈಯಲ್ಲೇ ಇತ್ತು. ಪಟೇಲ ಊರನ್ನು ಕಾಯುತ್ತಿದ್ದ, ಶಾನುಭೋಗ ಲೆಕ್ಕ ಬರೆಯುತ್ತಿದ್ದ, ತೋಟಿ ತಳವಾರರು ಸುದ್ದಿ ಮುಟ್ಟಿಸುತ್ತಿದ್ದರು, ನೀರಗಂಟಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ. ನೀರಗಂಟಿಗಳಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಎಲ್ಲರ ಗದ್ದೆಗೂ ನ್ಯಾಯವಾಗಿ ನೀರು ಹಾಯಿಸುವ ಹೊಣೆ ಅವರದು. ಆದರೆ ನೀರಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಜಗುಲಿಯ ಮೇಲೆ ಕೂರುವ ಅವಕಾಶ ಅವರಿಗಿರಲಿಲ್ಲ. ಸಂಸ್ಕೃತಿ ಎಂಬ ಪದದ ಕಠಿಣ ಮುಖ ಇದು.

1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಅದಕ್ಕೂ ಮೊದಲು, 1959ರ ಕಾಯ್ದೆಯಿಂದ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಬೋರ್ಡುಗಳು ಬಂದಿದ್ದವು. ಹುದ್ದೆ ಹೋದರೂ ಮನೆತನದ ಮಾತಿಗೆ ಇದ್ದ ಬೆಲೆ ಹೋಗಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಕಂಡ ಸಂಗತಿಗಳಿಂದಲೇ ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಪರಿಕಲ್ಪನೆಗಳು ಬೆಳೆದವು. ಇಂದು ದೇಶದ ಪ್ರತಿ ಟಿ.ವಿ. ಚರ್ಚೆಯಲ್ಲೂ ಕೇಳುವ ವೋಟ್ ಬ್ಯಾಂಕ್ ಎಂಬ ಮಾತಿನ ಮೂಲ ಮೈಸೂರು ಸೀಮೆಯ ಒಂದು ಹಳ್ಳಿಯೆಂಬುದು ಹಲವರಿಗೆ ತಿಳಿಯದು.

ದೊಡ್ಡ ತಿರುವು ಬಂದದ್ದು 1983ರಲ್ಲಿ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಕಾಯ್ದೆಯು ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳನ್ನು ತಂದಿತು. 25% ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ವರ್ಷಕ್ಕೆ ಎರಡು ಬಾರಿ ಗ್ರಾಮಸಭೆ ಕಡ್ಡಾಯವಾಯಿತು. ಊರೂರಿಗೆ ಕೊಳವೆಬಾವಿ ತಂದು ನೀರ್ ಸಾಬ್ ಎಂದೇ ಹೆಸರಾಗಿದ್ದ ಅವರು ಅಧಿಕಾರವನ್ನೂ ಹಾಗೆಯೇ ಹಳ್ಳಿಗೆ ಹರಿಸಲು ಹೊರಟರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ನೀಡಲಾಯಿತು. ಆ ಐದು ವರ್ಷಗಳಲ್ಲಿ ಶಾಲೆಯ ಮೇಷ್ಟ್ರು, ಆಸ್ಪತ್ರೆಯ ವೈದ್ಯರು ಸ್ಥಳೀಯ ಚುನಾಯಿತರಿಗೆ ಉತ್ತರಿಸಬೇಕಾದ ಹೊಸ ಪರಿಸ್ಥಿತಿ ಹುಟ್ಟಿತು. ಶಾಸಕರಿಗೆ ಇದು ಹಿತವೆನಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು.

ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರಲ್ಲಿ ರಾಜ್ಯ ಹೊಸ ಪಂಚಾಯತ್ ರಾಜ್ ಕಾಯ್ದೆಯನ್ನು ಜಾರಿಗೆ ತಂದಿತು. ಆ ವರ್ಷದ ಕೊನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೂ, 1995ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ತಾಯಲೂರಿನ ನೆರೆಯ ಶ್ರೀನಿವಾಸಪುರ ಕ್ಷೇತ್ರದ ಆಗಿನ ಶಾಸಕ ಕೆ.ಆರ್. ರಮೇಶ್ ಕುಮಾರ್ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳ ಆಧಾರದ ಮೇಲೆ 2015ರಲ್ಲಿ ಈ ಕಾಯ್ದೆಗೆ ವ್ಯಾಪಕ ತಿದ್ದುಪಡಿಯಾಗಿ, ಅದರ ಹೆಸರಿಗೆ ಗ್ರಾಮ ಸ್ವರಾಜ್ ಎಂಬ ಪದ ಸೇರಿತು.

ಗ್ರಾಮಸಭೆ ಎಂಬ ಪರೀಕ್ಷೆ

ವ್ಯವಸ್ಥೆ, ಸಂಸ್ಕೃತಿ, ಭಾಗವಹಿಸುವಿಕೆ ಈ ಮೂರೂ ಒಂದೇ ಶಾಮಿಯಾನದ ಕೆಳಗೆ ಸಂಧಿಸುವುದು ಗ್ರಾಮಸಭೆಯಲ್ಲಿ. ಪಂಚಾಯಿತಿ ವ್ಯಾಪ್ತಿಯ ಪ್ರತಿ ಮತದಾರರೂ ಇದರ ಸದಸ್ಯರು. ವಿಧಾನಸಭೆಯಲ್ಲಿ ಪ್ರತಿನಿಧಿ ಮಾತನಾಡುತ್ತಾನೆ, ಇಲ್ಲಿ ಪ್ರಜೆಯೇ ನೇರವಾಗಿ ಮಾತನಾಡಬಹುದು. ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಅದಕ್ಕೂ ಮೊದಲು ಪ್ರತಿ ವಾರ್ಡಿನಲ್ಲಿ ವಾರ್ಡ್ ಸಭೆ ನಡೆಯಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಾತಿ ಇದ್ದರೆ ಕೋರಂ ಆಯಿತು. ಮಹಿಳೆಯರು ಹಾಗೂ ಪರಿಶಿಷ್ಟರ ಹಾಜರಾತಿಗೂ ಪ್ರತ್ಯೇಕ ಪ್ರಮಾಣ ನಿಗದಿಯಾಗಿದೆ. ಆರು ಸಾವಿರ ಮತದಾರರಿರುವ ಪಂಚಾಯಿತಿಯಲ್ಲಿ ಕೇವಲ 100 ಮಂದಿ ಬಂದರೂ ಸಭೆ ಸಿಂಧು ಎಂದರ್ಥ. ಕಾಯ್ದೆ ಇಷ್ಟು ಕಡಿಮೆ ಕೇಳಿದರೂ ಕೋರಂ ಕೊರತೆಯಿಂದ ಗ್ರಾಮಸಭೆ ಮುಂದಕ್ಕೆ ಹೋಯಿತೆಂಬ ಸುದ್ದಿ ರಾಜ್ಯದ ಜಿಲ್ಲಾ ಪುಟಗಳಲ್ಲಿ ಅಪರೂಪವೇನಲ್ಲ.

ಜನ ಬರುವುದಿಲ್ಲವೇಕೆ? ಹಳ್ಳಿಗರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲ ಎಂಬ ಉತ್ತರ ಸುಲಭ, ಆದರೆ ಸುಳ್ಳು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಸರಾಸರಿ ಮತದಾನ ಸುಮಾರು 73% ಇದ್ದಾಗ ರಾಜಧಾನಿ 55%ರ ಆಸುಪಾಸಿನಲ್ಲೇ ನಿಂತಿತು. ಕೋಲಾರ ಜಿಲ್ಲೆ ರಾಜ್ಯದ ಸರಾಸರಿಯನ್ನೂ ಮೀರಿತು. ಮತಗಟ್ಟೆಗೆ ಬರುವ ಇದೇ ಜನ ಗ್ರಾಮಸಭೆಗೆ ಬಾರದಿದ್ದರೆ ಕಾರಣ ಸಭೆಯ ಸ್ವರೂಪದಲ್ಲಿರಬೇಕು. ಕೂಲಿಗೆ ಹೋಗುವ ಹೊತ್ತಿನಲ್ಲಿ ಸಭೆ ಕರೆದರೆ ಒಂದು ದಿನದ ಸಂಪಾದನೆಯೇ ಅದರ ಪ್ರವೇಶ ಶುಲ್ಕ. ಟೊಮೆಟೊ ಕೊಯ್ಲಿನ ದಿನಗಳಲ್ಲಿ ಈ ಸೀಮೆಯ ರೈತ ತೋಟ ಬಿಟ್ಟು ಬರಲಾರ. ಸಭೆ ದೇವಸ್ಥಾನದ ಅಂಗಳದಲ್ಲಿ ನಡೆದರೆ ಕಾಲೊನಿಯವರು ಅಂಚಿನಲ್ಲಿ ನಿಲ್ಲುತ್ತಾರೆ, ಶಾಲೆಯ ಆವರಣದಲ್ಲಿ ನಡೆದರೆ ಕೂರುತ್ತಾರೆ. ಯಾವ ಕಾಯ್ದೆಯೂ ಈ ವ್ಯತ್ಯಾಸವನ್ನು ಬರೆದಿಟ್ಟಿಲ್ಲ, ಆದರೆ ಸಭೆ ಕರೆಯುವವರಿಗೆ ಅದು ಗೊತ್ತಿರುತ್ತದೆ.

ಭಾಷೆಯದ್ದು ಮತ್ತೊಂದು ತೊಡಕು. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು ತಾಲ್ಲೂಕಿನಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಅಂಗಡಿ, ಸಂತೆ, ಡೇರಿಯಲ್ಲಿ ಕನ್ನಡ ತೆಲುಗುಗಳು ಒಂದರೊಳಗೊಂದು ಬೆರೆತು ಹರಿಯುತ್ತವೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಬರುವುದು ಕಡತದ ಕನ್ನಡದಿಂದ. ಕ್ರಿಯಾ ಯೋಜನೆ, ಅನುಪಾಲನಾ ವರದಿ, ಫಲಾನುಭವಿ, ಘಟನೋತ್ತರ ಮಂಜೂರಾತಿ ಮುಂತಾದ ಪದಗಳು ಕನ್ನಡ ಮನೆಮಾತಿನವರಿಗೂ ಎಟುಕುವುದಿಲ್ಲ. ಊರವರು ತಮ್ಮ ಮಾತಿನಲ್ಲಿ ಜಗಳವಾಡಿದ್ದು ನಡಾವಳಿ ಪುಸ್ತಕದಲ್ಲಿ ‘ಸಭೆಯು ಚರ್ಚಿಸಿ ಅನುಮೋದಿಸಿತು’ ಎಂಬ ಒಂದೇ ಸಾಲಾಗಿ ಇಳಿದುಬಿಡುತ್ತದೆ. ಆ ಸಾಲಿನ ಕೆಳಗೆ ಸಹಿ ಹಾಕಿದವರಲ್ಲಿ ಎಷ್ಟು ಮಂದಿ ಅದನ್ನು ಓದಿಸಿಕೊಂಡಿದ್ದಾರೆ ಎಂಬುದು ಬೇರೆ ವಿಷಯ.

ಇಷ್ಟಾದರೂ ಗ್ರಾಮಸಭೆ ನಿಷ್ಪ್ರಯೋಜಕವಲ್ಲ. ಟಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಎಂಬ ಅರ್ಥಶಾಸ್ತ್ರಜ್ಞರು ದಕ್ಷಿಣದ 4 ರಾಜ್ಯಗಳ ಹಳ್ಳಿಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಬಿಪಿಎಲ್ ಪಡಿತರ ಚೀಟಿಗಳು ಭೂರಹಿತ ಮತ್ತು ಅನಕ್ಷರಸ್ಥ ಕುಟುಂಬಗಳಿಗೆ ಹೆಚ್ಚಾಗಿ ತಲುಪಿದ್ದವು. ಎಲ್ಲರೆದುರು ಪಟ್ಟಿ ಓದಿದಾಗ ನಾಲ್ಕೆಕರೆ ತೋಟದವನ ಹೆಸರು ಬಡವರ ಪಟ್ಟಿಯಲ್ಲಿದ್ದರೆ ಹಿಂದಿನಿಂದ ಒಂದು ಕೆಮ್ಮಾದರೂ ಕೇಳಿಸುತ್ತದೆ. ಆ ಕೆಮ್ಮಿನ ಬೆಲೆ ದೊಡ್ಡದು.

ಗ್ರಾಮಸಭೆಯ ಕೈಯಲ್ಲಿರುವುದು ಎಷ್ಟು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ವಸತಿ ಯೋಜನೆಯಲ್ಲಿ ಪಂಚಾಯಿತಿಗೆ ಎಷ್ಟು ಮನೆ ಎಂಬ ಗುರಿ ಮೇಲಿನಿಂದ ಬರುತ್ತದೆ, ಯಾರಿಗೆ ಎಂಬುದಷ್ಟೇ ಸಭೆಯದು. ನೂರು ಅರ್ಜಿಗಳಿಗೆ ಹತ್ತು ಮನೆ ಬಂದಾಗ ತೊಂಬತ್ತು ಕುಟುಂಬಗಳ ಸಿಟ್ಟಿಗೆ ಗುರಿಯಾಗುವುದು ಗುರಿ ನಿಗದಿ ಮಾಡಿದ ಇಲಾಖೆಯಲ್ಲ, ಎದುರಿಗಿರುವ ಪಂಚಾಯಿತಿ ಸದಸ್ಯ. ಇದಕ್ಕೆ ಹೋಲಿಸಿದರೆ 1996ರಲ್ಲಿ ಕೇರಳ ಆರಂಭಿಸಿದ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದಕ್ಕಿಂತಲೂ ಹೆಚ್ಚಿನ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲಾಯಿತು. ತೀರ್ಮಾನಿಸಲು ಹಣವಿದ್ದಾಗ ಜನ ಸಭೆಗೆ ಬಂದರು.

ಮೀಸಲಾತಿ ತೆರೆದ ಬಾಗಿಲು

2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು 30%ಕ್ಕೂ ಹೆಚ್ಚು. ರಾಜ್ಯದಲ್ಲೇ ಇದು ಅತ್ಯಧಿಕ ಪ್ರಮಾಣ. ಮುಳಬಾಗಿಲು ವಿಧಾನಸಭಾ ಕ್ಷೇತ್ರ 2008ರ ಕ್ಷೇತ್ರ ಮರುವಿಂಗಡಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿ ಒಂದು ವರ್ಗದವರಾದರೂ ಮತದಾರರು ಎಲ್ಲ ವರ್ಗದವರು. ಹೀಗಾಗಿ ಹಳೆಯ ಪ್ರಬಲರ ಬಣಗಳು ಸ್ಪರ್ಧಿಸಲಾಗದಿದ್ದರೂ ಯಾರು ಗೆಲ್ಲಬೇಕು ಎಂಬುದರಲ್ಲಿ ಕೈಯಾಡಿಸುವುದನ್ನು ಬಿಡಲಿಲ್ಲ. 2013ರಲ್ಲಿ ಪಕ್ಷೇತರರಾಗಿ ಗೆದ್ದ ಕೊತ್ತೂರು ಮಂಜುನಾಥ್ ಅವರ ಜಾತಿ ಪ್ರಮಾಣಪತ್ರ ನ್ಯಾಯಾಲಯದಲ್ಲಿ ಅಸಿಂಧುವಾಗಿ, 2018ರಲ್ಲಿ ಅವರ ನಾಮಪತ್ರ ತಿರಸ್ಕೃತವಾಯಿತು. ಆ ಚುನಾವಣೆಯಲ್ಲಿ ಗೆದ್ದವರು ಪಕ್ಷೇತರ ಎಚ್. ನಾಗೇಶ್. ಪಕ್ಷದ ಚಿಹ್ನೆಗಿಂತ ಸ್ಥಳೀಯ ಬಣಗಳ ಒಪ್ಪಂದವೇ ಭಾರವಾದ ಕ್ಷೇತ್ರವಿದು ಎಂಬುದಕ್ಕೆ ಸತತ ಎರಡು ಬಾರಿ ಪಕ್ಷೇತರರು ಗೆದ್ದದ್ದೇ ಸಾಕ್ಷಿ.

ಪ್ರಾತಿನಿಧ್ಯ ಹೆಚ್ಚಿದಷ್ಟೂ ಪ್ರತಿರೋಧ ಇಳಿಯುತ್ತದೆ ಎನ್ನಲಾಗದು. 2000ದ ಮಾರ್ಚ್‌ನಲ್ಲಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಆರೋಪಿಗಳೆಲ್ಲರೂ ನ್ಯಾಯಾಲಯದಲ್ಲಿ ಖುಲಾಸೆಯಾದರು. ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದು 7 ವರ್ಷಗಳಾಗಿದ್ದವು, ದಲಿತ ಸದಸ್ಯರು ಮೀಸಲು ಸ್ಥಾನಗಳಲ್ಲಿ ಕುಳಿತಿದ್ದರು. ಸಾಕ್ಷಿ ಹೇಳಲು ಜನ ಹೆದರುವ ಊರಿನಲ್ಲಿ ಗ್ರಾಮಸಭೆಯಲ್ಲಿ ಮಾತನಾಡಲು ಎಷ್ಟು ಧೈರ್ಯ ಬೇಕು ಎಂಬುದನ್ನು ಊಹಿಸಬಹುದು.

ಮಹಿಳೆಯರ ವಿಷಯದಲ್ಲಿ ಚಿತ್ರ ಸ್ವಲ್ಪ ಭಿನ್ನ. 2010ರ ತಿದ್ದುಪಡಿಯಿಂದ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಅವರಿಗೆ ಮೀಸಲಾದವು. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡ ಕೂತು ಕಡತ ತಿರುವುವ ದೃಶ್ಯ ಎಲ್ಲರಿಗೂ ಗೊತ್ತಿರುವುದೇ, ನಗರದ ಓದುಗರು ನಗುವುದೂ ಅದಕ್ಕೇ. ಆದರೆ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಅಭ್ಯಸಿಸಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಪ್ರಬಂಧ ಬೇರೆಯದೇ ಸಂಗತಿ ಹೇಳುತ್ತದೆ. ಮಹಿಳೆಯರಿಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಖರ್ಚು ಮಾಡಿದ್ದವು. ಕೊಡ ಹೊರುವವರು ಕುರ್ಚಿಯಲ್ಲಿ ಕುಳಿತರೆ ಲೆಕ್ಕಪತ್ರ ಬದಲಾಗುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೊಳವೆಬಾವಿಗಳ ಕೋಲಾರದಲ್ಲಿ ಈ ಮಾತಿಗೆ ವಿವರಣೆ ಬೇಕಿಲ್ಲ.

ಈ ಬಾಗಿಲನ್ನು ಹಿತ್ತಲಿನಿಂದ ಮುಚ್ಚುವ ಉಪಾಯಗಳೂ ಇವೆ. ಪಂಚಾಯಿತಿ ಸ್ಥಾನಗಳ ಹರಾಜು ಅವುಗಳಲ್ಲಿ ಒಂದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅತಿ ಹೆಚ್ಚು ಹಣ ಕೊಡುವುದಾಗಿ ಒಪ್ಪಿದವರನ್ನು ಅವಿರೋಧವಾಗಿ ಆರಿಸುವುದು ಇದರ ಕ್ರಮ. 2020ರ ಡಿಸೆಂಬರ್‌ನ ಚುನಾವಣೆಯ ವೇಳೆಯೂ ರಾಜ್ಯದ ಹಲವು ಭಾಗಗಳಿಂದ ಇಂಥ ವರದಿಗಳು ಬಂದು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ನೀಡಬೇಕಾಯಿತು. ಊರಿನ ಒಗ್ಗಟ್ಟು ಕೆಡಬಾರದು, ಹಣ ಒಳ್ಳೆಯ ಕೆಲಸಕ್ಕೇ ಹೋಗುತ್ತದೆ ಎಂಬುದು ಹರಾಜು ಮಾಡುವವರ ಸಮರ್ಥನೆ. ಆದರೆ ಹಣ ಕೊಟ್ಟು ಸ್ಥಾನ ಪಡೆದವನನ್ನು ಗ್ರಾಮಸಭೆಯಲ್ಲಿ ಲೆಕ್ಕ ಕೇಳಲು ಯಾವ ಬಾಯಿ ಉಳಿಯುತ್ತದೆ? ಒಗ್ಗಟ್ಟಿನ ಹೆಸರಿನಲ್ಲಿ ಮಾರಾಟವಾಗುವುದು ಆ ಪ್ರಶ್ನೆಯೇ.

ಕೆರೆ ಮತ್ತು ಡೇರಿ

ನದಿಗಳಿಲ್ಲದ, ಪಾಲಾರ್‌ನಂಥ ಹೊಳೆಯೂ ಬಹುಕಾಲ ಬತ್ತಿಯೇ ಇರುವ ಈ ಸೀಮೆಯನ್ನು ಬದುಕಿಸಿದ್ದು ಕೆರೆಗಳು. ಕೆರೆಯ ಆಡಳಿತದಲ್ಲಿ ವ್ಯವಸ್ಥೆ ಹೇಗೆ ಜನರನ್ನು ಹೊರಗಿಡುತ್ತದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಚಿಕ್ಕವು ಪಂಚಾಯಿತಿಗಳಿಗೆ ಸೇರಿವೆ. ನೀರಗಂಟಿಯ ಹುದ್ದೆ ಹೋಯಿತು, ಕೊಳವೆಬಾವಿ ಬಂತು, ತೂಬು ಎತ್ತುವ ಕೆಲಸ ಯಾರದೂ ಅಲ್ಲದಾಯಿತು. ಊರವರು ಸೇರಿ ಹೂಳೆತ್ತುತ್ತಿದ್ದ ರೂಢಿ ಟೆಂಡರ್ ಪದ್ಧತಿಗೆ ದಾರಿ ಬಿಟ್ಟಿತು. ವಿಶ್ವಬ್ಯಾಂಕ್ ನೆರವಿನ ಜಲ ಸಂವರ್ಧನೆ ಯೋಜನೆಯಡಿ 2000ದ ದಶಕದಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟುವ ಪ್ರಯತ್ನವಾದರೂ, ಕೆರೆಯಲ್ಲಿ ನೀರೇ ನಿಲ್ಲದಿದ್ದಾಗ ಸಂಘ ಸೇರುವುದು ಯಾತಕ್ಕೆ?

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 44 ಕೋಟಿ ಲೀಟರ್ ನೀರಿನಿಂದ ಜಿಲ್ಲೆಯ 126 ಕೆರೆಗಳನ್ನು ತುಂಬಿಸುವುದು ಸಣ್ಣ ನೀರಾವರಿ ಇಲಾಖೆಯ ಯೋಜನೆ. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡು ಸಂಭ್ರಮಿಸಿದವರು ಬಹಳ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಅಂತರ್ಜಲಕ್ಕೆ ಇಳಿದರೆ ಗತಿಯೇನು, ಮೂರನೇ ಹಂತದ ಸಂಸ್ಕರಣೆ ಬೇಕು ಎಂದವರೂ ಬಹಳ. ಎರಡೂ ಕಡೆ ಹುರುಳಿದೆ. ಇಲ್ಲಿ ಗಮನಿಸಬೇಕಾದದ್ದು ಆ ಚರ್ಚೆ ನಡೆದ ಸ್ಥಳವನ್ನು. ಅದು ಬೀದಿಯಲ್ಲಿ ನಡೆಯಿತು, ಹೈಕೋರ್ಟಿನಲ್ಲಿ ನಡೆಯಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೆರೆಯ ಕೆಳಗಿನ ಊರಿನ ನಡಾವಳಿ ಪುಸ್ತಕಕ್ಕೆ ಅದರಲ್ಲಿ ಹೇಳಿಕೊಳ್ಳುವಂಥ ಪಾತ್ರ ಸಿಗಲಿಲ್ಲ. ಸಭೆಯಲ್ಲಿ ಸ್ಥಳ ಸಿಗದ ಭಾಗವಹಿಸುವಿಕೆ ನ್ಯಾಯಾಲಯದ ಬಾಗಿಲು ತಟ್ಟುತ್ತದೆ, ಅದು ದುಬಾರಿ ದಾರಿ.

ಇದಕ್ಕೆ ಪ್ರತಿಯಾಗಿ ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೋಡಬಹುದು. ಸದಸ್ಯರು ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಬರುತ್ತಾರೆ, ಕಣ್ಣೆದುರೇ ಅಳತೆಯಾಗುತ್ತದೆ, ಜಿಡ್ಡಿನಂಶ ಪರೀಕ್ಷೆಯಾಗುತ್ತದೆ, ಲೆಕ್ಕ ಪುಸ್ತಕದಲ್ಲಿ ಏರುತ್ತದೆ. ಲೀಟರಿಗೆ ಒಂದು ರೂಪಾಯಿ ವ್ಯತ್ಯಾಸವಾದರೂ ಅಂದು ಸಂಜೆಯೇ ಗದ್ದಲ. ಇಟಲಿಯಲ್ಲಿ 1970ರಲ್ಲಿ ಒಂದೇ ಬಗೆಯ ಪ್ರಾದೇಶಿಕ ಸರ್ಕಾರಗಳು ರಚನೆಯಾದರೂ ಉತ್ತರದಲ್ಲಿ ಯಶಸ್ವಿಯಾಗಿ ದಕ್ಷಿಣದಲ್ಲಿ ಸೊರಗಿದ್ದಕ್ಕೆ ರಾಬರ್ಟ್ ಪಟ್ನಂ ಎಂಬ ವಿದ್ವಾಂಸರು ಇಂಥ ಸಹಕಾರ ಸಂಘಗಳ ಪರಂಪರೆಯನ್ನೇ ಕಾರಣವಾಗಿ ಹೇಳಿದರು. ಕೋಲಾರದ ಹಳ್ಳಿಗಳ ಮಟ್ಟಿಗೆ ಆ ವಾದ ಅರ್ಧ ಮಾತ್ರ ಒಪ್ಪುತ್ತದೆ. ಡೇರಿಯಲ್ಲಿ ಲೆಕ್ಕ ಕೇಳುವ ಅಭ್ಯಾಸ ತಾನಾಗಿ ಪಂಚಾಯಿತಿಗೆ ದಾಟಿಲ್ಲ. ಡೇರಿಯಲ್ಲಿ ಕೇಳಿದವರಿಗೆ ಹಣ ಸಿಗುತ್ತದೆ, ಪಂಚಾಯಿತಿಯಲ್ಲಿ ಕೇಳಿದವರ ಪಡಿತರ ಚೀಟಿಗೆ, ಮನೆಯ ಖಾತೆಗೆ ತೊಡಕು ಬರಬಹುದೆಂಬ ಅಂಜಿಕೆಯಿದೆ. ಜನ ಅವರೇ, ವ್ಯವಸ್ಥೆ ಬೇರೆ.

ಖಾಲಿ ಉಳಿದ ಕುರ್ಚಿಗಳು

ಮೇಲಿನ ಹಂತಗಳ ಸ್ಥಿತಿ ಇನ್ನೂ ಶೋಚನೀಯ. 2016ರಲ್ಲಿ ಚುನಾಯಿತರಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಆಯೋಗಕ್ಕೆ ವಹಿಸಿತು. ವಿಂಗಡಣೆ, ಮೀಸಲಾತಿ ಪಟ್ಟಿ, ಆಕ್ಷೇಪಣೆ, ದಾವೆ ಎಂದು ಮುಂದೂಡುತ್ತ ವರ್ಷಗಳೇ ಉರುಳಿದವು. ಆಡಳಿತ ಪಕ್ಷ ಬದಲಾದರೂ ಈ ವಿಳಂಬ ಬದಲಾಗಲಿಲ್ಲ. 1992ರಲ್ಲಿ ನಡೆದದ್ದೇ ಮತ್ತೊಮ್ಮೆ ನಡೆಯಿತು ಎಂದರೆ ತಪ್ಪಾಗದು. 2015ರ ತಿದ್ದುಪಡಿ ಸ್ಥಳೀಯ ಚುನಾವಣೆಯಲ್ಲಿ ಮತ ಚಲಾಯಿಸುವುದನ್ನು ಪ್ರಜೆಗಳಿಗೆ ಕಡ್ಡಾಯವೆಂದಿತ್ತು. ಚುನಾವಣೆಯನ್ನು ಸಕಾಲಕ್ಕೆ ನಡೆಸುವ ಕರ್ತವ್ಯವನ್ನು ಸರ್ಕಾರ ಮಾತ್ರ ಅಷ್ಟು ಕಡ್ಡಾಯವೆಂದು ಬಗೆದಂತಿಲ್ಲ.

ಆ ವರ್ಷಗಳಲ್ಲಿ ತಾಯಲೂರಿನಂಥ ಹೋಬಳಿಯ ಅಂಗನವಾಡಿ ಸೋರಿದರೆ, ಶಾಲೆಗೆ ಮೇಷ್ಟ್ರು ಬಾರದಿದ್ದರೆ ಪ್ರಶ್ನಿಸಲು ತಾಲ್ಲೂಕು ಪಂಚಾಯಿತಿ ಸದಸ್ಯರೂ ಇರಲಿಲ್ಲ, ಜಿಲ್ಲಾ ಪಂಚಾಯಿತಿ ಸದಸ್ಯರೂ ಇರಲಿಲ್ಲ. ಉಳಿದದ್ದು ಗ್ರಾಮ ಪಂಚಾಯಿತಿ ಒಂದೇ. ಗ್ರಾಮ ಪಂಚಾಯಿತಿಯ ವರ್ಷದ ಲೆಕ್ಕಪತ್ರವನ್ನು ಜನರೆದುರು ಓದಿ ಹೇಳುವ ಜಮಾಬಂದಿ ಎಂಬ ಕ್ರಮ ರಾಜ್ಯದಲ್ಲಿದೆ. ಬಿಲ್ಲು, ರಸೀದಿ, ಅಳತೆ ಪುಸ್ತಕಗಳನ್ನು ಅಂದು ಮೇಜಿನ ಮೇಲಿಡಬೇಕು. ಗ್ರಾಮಸಭೆಯ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು. ಇಂಥ ಹಕ್ಕನ್ನು ಕರ್ನಾಟಕ ಕೇಂದ್ರ ಸರ್ಕಾರಕ್ಕಿಂತ ಮೊದಲೇ, 2000ದಲ್ಲೇ, ಕಾಯ್ದೆಯ ರೂಪದಲ್ಲಿ ಅಂಗೀಕರಿಸಿತ್ತು. ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರ ಕೊಡಲು ಕಚೇರಿಗಿರುವ ಗಡುವು 30 ದಿನ.